ಮುಂದಿನ ಸೀಟು

ಮಾರ್ಚ್ 6, ಶುಕ್ರವಾರ

ಮಗಳ ಸೊಂಟ ಇನ್ನೂ ನೋಯುತ್ತಿದೆಯಂತೆ. ತಪ್ಪು ನನ್ನದೇ.

ಭಾನುವಾರದ ಗುಂಪು ಸವಾರಿಗೆ ಅಭ್ಯಾಸವಾಗಲೆಂದು, ಇಬ್ಬರು ತುಳಿಯುವ ನಮ್ಮ ಉದ್ದ ಸೈಕಲ್ಲನ್ನು ಇವರು ತೀರಿಕೊಂಡ ಮೇಲೆ ಇಂದೇ ಮೊದಲ ಸಲ ನಾನೂ ಮಗಳೂ ಹೊರಗೆ ತೆಗೆದೆವು. ಮುಂದಿನ ಸೀಟು ಯಾವಾಗಲೂ ಇವರದು. ಹಿಂದೆ ಕೂತ ನನಗೆ ಇವರ ಬೆನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. “ಗುಂಡಿ ಬಂತು ಮಹಾರಾಣಿ, ಏಳು!” ಎಂದು ಇವರು ಕೂಗಿದರೆ ಸೀಟಿನಿಂದ ಏಳುತ್ತಿದ್ದೆ.

ಇಂದು ಮುಂದೆ ನಾನಿದ್ದೆ. ಗುಂಡಿ ದೂರದಿಂದಲೇ ಕಂಡಿತ್ತು. ಆದರೂ ಇವರು ಕೂಗಲಿ ಎಂದು ಕಾದೆ. ಧಡ್ಡೆಂದು ಇಳಿದೆವು.

“ಅಮ್ಮಾ, ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಹಿಂದೆ ಕೂತವಳಿಗೆ ಏನ್ ಕಾಣತ್ತೆ?”

ಭಾನುವಾರವಾದರೂ ನಾನೇ ಕೂಗಬೇಕು. ದನಿ ಹೊರಡುತ್ತದೆಯೇ, ಗೊತ್ತಿಲ್ಲ. ಮುಂದೆ ಕೂತವರಿಗೆ ರಸ್ತೆ ಇಷ್ಟೊಂದು ಖಾಲಿ ಕಾಣುತ್ತದೆಂದು ಇವರು ಒಂದು ದಿನವೂ ಹೇಳಲಿಲ್ಲ.