ರಂಗಕ್ಕನ ಮಾಘಸ್ನಾನ

ಕೊಲ್ಹಾರ
ಮಾಘ ಶುದ್ಧ ದಶಮಿ, ೭-೨-೨೦೨೫

ಚಿ. ಮುಕ್ತಾ,

ಮೊದಲು ಅಪ್ಪನ ಆಶೀರ್ವಾದ. ಆಮೇಲೆ ನೀ ಎಷ್ಟರ ಬೈಯಿ, ಬೈಸಿಕೊಳ್ಳಲಿಕ್ಕೆ ತಯಾರಿದ್ದೀನಿ. ನಿನ್ನ ಪತ್ರ ಬಂದು ತಿಂಗಳಾತು. "ಗಂಡನ ಮನಿ ಬಿಟ್ಟು ಬಸವನ ಬಾಗೇವಾಡಿಯೊಳಗ, ನಾ ಕಲಸೋ ಸಾಲಿ ಹತ್ರನ ಒಂದು ಖೋಲಿ ಹಿಡದೀನಿ. ಸಮಾಧಾನ ಹೇಳ್ಲಿಕ್ಕೆ ಯಾರನ್ನೂ ಕಳಸಬ್ಯಾಡ್ರಿ. ನೀವು ಏನಂತೀರಿ ಅಷ್ಟ ಹೇಳ್ರಿ" ಅಂತ ಬರದಿದ್ದಿ. ಫೋನಿನ್ಯಾಗ ನನಗ ಬಾಯಿ ಬರ್ಲಿಲ್ಲ. ಪೆನ್ನು ಹಿಡದ್ರ ಅಪ್ಪ ಒಂದು ಬರೀತಾನ, ಸಿಂದಗಿ ಕಾಲೇಜಿನ್ಯಾಗ ರಾಜ್ಯಶಾಸ್ತ್ರ ಕಲಿಸಿದ ಮಾಸ್ತರ ಇನ್ನೊಂದು ಬರೀತಾನ. ಇಬ್ಬರಿಗೂ ನನ್ನೊಳಗ ಜಗಳ ಹತ್ತಿತ್ತು.

ಈ ಕಡೆ ಇಂಡಿಯಿಂದ ನಿನ್ನ ಧೀರೇಂದ್ರ ಕಾಕಾನ ಫೋನು ದಿನಾ ಬರ್ತದ. "ಅಣ್ಣಾ, ರವಿವಾರ ಗಾಡಿ ತೊಗೊಂಡು ಹೋಗೋಣು. ತಿಳಿಸಿ ಹೇಳಿ ಮುದ್ದೇಬಿಹಾಳಕ್ಕ ಗಂಡನ ಮನಿಗೆ ಬಿಟ್ಟು ಬರೋಣು. ಒಬ್ಬಾಕಿ ಸ್ವಲ್ಪ ತಾಳಿಕೊಂಡ್ರ ಎರಡು ಮನಿ ಮಂದಿ ಸುಖಾಗಿರ್ತಾರ" ಅಂತಾನ. ಹೆಚ್ಚು ಮಂದಿಗೆ ಹೆಚ್ಚು ಸುಖ ಅನ್ನೋ ತತ್ವ ಹುಡುಗೂರಿಗೆ ಬೋರ್ಡಿನ ಮ್ಯಾಲೆ ಬರದು ಕಲಿಸಿದಾಂವ ನಾನ. ತಾಳಿಕೊಳ್ಳಾಕಿ ಯಾರ ಮಗಳು ಅಂತ ಅಲ್ಲಿ ಯಾರೂ ಕೇಳಿದ್ದಿಲ್ಲ.

ಇರ್ಲಿ. ನಿನ್ನ ಮಾತಿಗೆ ಬರ್ತೀನಿ, ಗಡಬಡ ಮಾಡಬ್ಯಾಡ. ಮೊದಲು ನಿಮ್ಮ ರಂಗೂ ಅತ್ತಿ ಪರಾಕ್ರಮ ಕೇಳು.

ಎಪ್ಪತ್ತೆಂಟಾತು ನಮ್ಮಕ್ಕಗ. ನಾ ರಿಟೈರಾಗಿ ಅಕಿ ಮನಿಗೆ ಬಂದಾಗಿಂದ ನೋಡ್ತೀನಿ, ಮಾಘ ಬಂತಂದ್ರ ಸೂರ್ಯ ಹುಟ್ಟೋ ಮೊದಲ ಹೊಳಿಗೆ ಹೋಗಿ ಮುಳುಗು ಹಾಕೋದು ಬಿಟ್ಟಾಕಿ ಅಲ್ಲ. ಹಳೇ ಊರು ಹಿನ್ನೀರಿನಾಗ ಹೋತು, ಗಂಡ ಹೋದ್ರು, ಇಕಿ ಸ್ನಾನ ಮಾತ್ರ ಹೋಗ್ಲಿಲ್ಲ. ಈ ವರ್ಷ ದಂಡಿ ಮ್ಯಾಲಿನ ಪಾವಟಿಗಿ ಪಾಚಿಗಟ್ಟಿ ಯಾರೋ ಒಬ್ಬಾಕಿ ಜಾರಿ ಬಿದ್ದು ಕಾಲು ಮುರಕೊಂಡ್ಲು. ಓಣಿ ಹುಡುಗೂರ ಸಂಘದವ್ರು ಅಲ್ಲೊಂದು ಗೇಟ್ ಕೂಡಿಸಿ ಕೀಲಿ ಜಡದ್ರು. ಸಂಘದ ಮುಖಂಡ ಸಂಗಮೇಶ ಭಾಳ ಛಲೋ ಹುಡುಗ. ಮನಿಗೇ ಬಂದು, "ಅಜ್ಜಿ, ನಿಮ್ಮ ಸಲುವಾಗಿನ ಮಾಡಾಕತ್ತೇವ್ರಿ. ಪಾಚಿ ಭಾಳ ಐತಿ. ನಿಮಗೇನರ ಆದ್ರ ಊರಿಗೇ ಕೆಟ್ಟ ಹೆಸರು" ಅಂದ.

"ನನಗೇನರ ಆದ್ರ ನನಗ ಆಗ್ತದಪಾ, ಊರಿಗೆ ಹ್ಯಾಂಗ?" ಅಂದ್ಲು ರಂಗಕ್ಕ.

ಇದು ಮಡಿ ಹಟ ಅಂತ ನಾವೆಲ್ಲಾ ತಿಳಕೊಂಡ್ವಿ. ಪಾಪ, ಸಂಗಮೇಶ ಕ್ಯಾನಿನ್ಯಾಗ ಹೊಳಿ ನೀರು ತುಂಬಿಸಿಕೊಂಡು ಬಂದ. ನಾನರ ಏನು ಕಡಿಮಿ ಶ್ಯಾಣ್ಯಾ, ಆಚಾರ್ಯರನ್ನ ಕರಕೊಂಡು ಬಂದೆ. ಹೊಳಿಗೆ ಹೋಗ್ಲಿಕ್ಕಾಗದವ್ರು ಮನ್ಯಾಗ ಕೃಷ್ಣೆ ನೆನಸಿ ಮಿಂದ್ರೂ ಅಷ್ಟ ಪುಣ್ಯ ಅಂತ ಅವ್ರು ಶಾಸ್ತ್ರ ಬಿಡಿಸಿ ಹೇಳಿದ್ರು. ರಂಗಕ್ಕ ಅವ್ರಿಗೆ ದಕ್ಷಿಣಿ ಕೊಟ್ಟು, ನಮಸ್ಕಾರ ಮಾಡಿ, ಅವ್ರು ಹೊಸ್ತಿಲ ದಾಟಿದ ಮ್ಯಾಲೆ ನನ್ನ ಕಡೆ ತಿರುಗಿದ್ಲು.

"ಜಯಾ, ಪುಣ್ಯಕ್ಕ ಯಾರ್ ಹೋಗ್ತಾರೋ ಖೋಡಿ? ಹದಿನಾರಕ್ಕ ಈ ಊರಿಗೆ ಸೊಸಿ ಆಗಿ ಬಂದೆ. ಎಲ್ಲಿ ಹೊಂಟಿ, ಯಾಕ ಹೊಂಟಿ, ಇಷ್ಟೊತ್ತು ಯಾಕಾತು, ಎಲ್ಲಾಕ್ಕೂ ಜವಾಬು ಕೊಟ್ಟೀನಿ. ಮಾಘಸ್ನಾನಕ್ಕ ಅಂದ್ರ ಮಾತ್ರ ಯಾರೂ ಏನೂ ಕೇಳ್ತಿದ್ದಿಲ್ಲ. ನೀರಾಗ ಕುತಗಿತನಾ ನಿಂತ್ರ ನಾ ಯಾರ ಸೊಸಿನೂ ಅಲ್ಲ, ಯಾರ ಹೆಂಡತಿನೂ ಅಲ್ಲ. ಅದು ನನ್ನ ಖುಷಿ. ನಿಮಗ ಅದನ್ನ ಹೇಳಬೇಕೇನು ಈಗ?"

ಮರುದಿನ ನಾ ಸಂಘದ ಮೀಟಿಂಗಿಗೆ ಹೋಗಿ ಬಾಯಿ ತಗದೆ. "ಇನ್ನೊಬ್ಬರಿಗೆ ಕೇಡು ಮಾಡ್ತಿದ್ರ ತಡೀರಿ, ಬ್ಯಾಡ ಅನ್ನೂದಿಲ್ಲ. ಇಲ್ಲಿ ಜಾರಿದ್ರ ಅಕೀ ಸೊಂಟ. ಪಾಚಿ ಅದ ಅಂತ ಹೇಳೋದು ನಮ್ಮ ಧರ್ಮ. ಹೇಳಿದ ಮ್ಯಾಲೆ ಕಾಲು ಅಕೀವು" ಅಂದೆ. ಹಿಂದ ಕೂತಿದ್ದ ಮೀನು ಹಿಡಿಯೋ ಮೈಬೂಬ ಎದ್ದು, "ಸರ್, ಅಜ್ಜಿ ಮುಳುಗಿದ್ರ ಬಲಿ ಬೀಸಿ ಹುಡಕಾವ ನಾನ ಅಲ್ರಿ? ಮತ್ತ ಇನ್ನೊಬ್ಬರಿಗೆ ಏನೂ ಇಲ್ಲ ಅಂದ್ರ ಹ್ಯಾಂಗ್ರಿ?" ಅಂದ. ಅವನ ಮಾತೂ ಖರೇ ಅಂತ ನಾ ಒಪ್ಪಿಕೊಂಡೆ. ಕಡೀಕ ಪಾಚಿ ಕೆರದು ಹಿಡಕೊಳ್ಳಲಿಕ್ಕೆ ಸರಪಳಿ ಹಾಕೋದು, ಗೇಟ್ ತಗಿಯೋದು ಅಂತ ಠರಾವಾತು. ಆದ್ರ ಅಜ್ಜಿ ಇಳಿಯೋವಾಗ ಹುಡುಗೂರು ಕಾವಲು ನಿಲ್ಲಬೇಕು ಅಂತ ಒಂದು ಶರತ್ತು.

ನಿನ್ನೆ ನೋಡ್ತೀನಿ, ದಂಡಿ ತುಂಬ ಮಂದಿ! ಟಾರ್ಚು, ಹಗ್ಗ, ಗಾಳಿ ತುಂಬಿದ ಟ್ಯೂಬು. ಒಬ್ಬಾಂವ ಮೊಬೈಲ್ ಎತ್ತಿ ಹಿಡದಿದ್ದ. ರಂಗಕ್ಕ ಕೊಡಾ, ತಂಬಗಿ ಇಳಿಸಿ ಪಾವಟಿಗಿ ಮ್ಯಾಲೆ ಕೂತು ಬಿಟ್ಲು.

"ಇಳೀರಿ ಅಜ್ಜಿ, ನಾವ್ ಅದೇವ್ರಿ" ಅಂದ ಸಂಗಮೇಶ.

"ನೀವಿದ್ದೀರಲ್ಲಾ, ಅದಕ್ಕ ಕೂತೀನಿ" ಅಂದ್ಲು.

ಮೂಡಲ ಕೆಂಪಾತು. ಇಕಿ ಏಳವಲ್ಲಳು. ಒಬ್ಬೊಬ್ಬರ ಅಲ್ಲಿಂದ ಕಾಲು ತಗದ್ರು. ಸಂಗಮೇಶ ಕಡೀಕ ಹಗ್ಗ ಸುತ್ತಿಕೊಂಡು, "ತಪ್ಪಾತ್ರಿ ಅಜ್ಜಿ" ಅಂತ ಕೈ ಮುಗದು ಹೋದ. ನಾ ಜಾಲಿ ಗಿಡದ ಹಿಂದ ನಿಂತಿದ್ದೆ. ಅಕಿ ತಿರುಗಿನೂ ನೋಡಲಿಲ್ಲ. "ಜಯಾ, ನೀನೂ ನಡಿ" ಅಂದ್ಲು.

ನಡದೆ. ಬಂದು ಮನಿ ಕಟ್ಟಿ ಮ್ಯಾಲೆ ಕೂತೆ. ಮುಕ್ತಾ, ಅಷ್ಟು ಅಂಜಿಕಿ ನನಗ ಜನ್ಮದಾಗ ಆಗಿದ್ದಿಲ್ಲ. ಯಾವ ದೇವರಿಗೆ ಏನೇನು ಬೇಡಿಕೊಂಡೆನೋ! ಮಂದಿನ್ನ ಅವರವರ ಪಾಡಿಗೆ ಬಿಡಬೇಕು ಅಂತ ಕ್ಲಾಸಿನ್ಯಾಗ ಬಾಯಿ ತುಂಬ ಹೇಳಿದ್ದೆ. ಬಿಟ್ಟಾವ್ರು ಆಮೇಲೆ ಕಟ್ಟಿ ಮ್ಯಾಲೆ ಹ್ಯಾಂಗ ಕೂಡಬೇಕು ಅನ್ನೋದು ಯಾರಿಗೂ ಕಲಿಸಿದ್ದಿಲ್ಲ, ನನಗೂ ಗೊತ್ತಿದ್ದಿಲ್ಲ. ಅಷ್ಟರಾಗ ಓಣಿ ತಿರುವಿನ್ಯಾಗ ಕೊಡಕ್ಕ ತಂಬಗಿ ಬಡಿಯೋ ಸಪ್ಪಳ ಆತು. ಬಂದ್ಲು. ತೊಯ್ದ ಸೀರಿ, ಥಂಡಿಗೆ ಹಲ್ಲು ಕಟಕಟ, ಮಾರಿ ಮಾತ್ರ ತೊಳದಿಟ್ಟ ಬೆಳ್ಳಿ ಬಟ್ಟಲಾಗಿತ್ತು.

"ಚಹಾ ಇಟ್ಟೀಯೋ, ಬರೇ ಕೂತೀಯೋ?" ಅಂದ್ಲು.

ಎಂಥಾ ಗಟ್ಟಿ ಹೆಣ್ಣುಮಗಳಮ್ಮಾ ಇಕಿ! ಇಕೀ ತಮ್ಮ ಅಂತ ಹೇಳಿಕೊಳ್ಳಲಿಕ್ಕೆ ನನಗ ನಿನ್ನೆ ಎಷ್ಟು ಅಭಿಮಾನ ಅನಿಸ್ತು ಅಂತೀ.

ಇವತ್ತ ಧೀರೇಂದ್ರಗ ಫೋನ್ ಮಾಡಿ ಸಾಫ್ ಹೇಳೀನಿ. ರವಿವಾರ ಗಾಡಿ ಬರೂದಿಲ್ಲ. ನೀ ಕರೆಯೋತನಾ ನಾನೂ ಬರೂದಿಲ್ಲ. ಖೋಲಿ ನಿಂದು, ಕೀಲಿಕೈನೂ ನಿಂದು. ರಂಗಕ್ಕ ಶೇಂಗಾ ಹಿಂಡಿ ಕುಟ್ಟಿ ಇಟ್ಟಾಳ, ಬಸ್ಸಿನ್ಯಾಗ ಕೊಟ್ಟು ಕಳಸ್ತೀನಿ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಬೆನ್ನಿಗಿರಲಿ, ದಾರಿಗೆ ಅಡ್ಡ ಬರೋದು ಬ್ಯಾಡ.

ನಿನ್ನ ಅಪ್ಪ,
ಜಯತೀರ್ಥ

ತಾ. ಕ.: ಯಾರನ್ನೂ ಕಳಸಬ್ಯಾಡ್ರಿ ಅಂದಿದ್ದಿ. ಕಳಸಲಿಲ್ಲ, ನಾನ ಬಂದಿದ್ದೆ. ಹೋದ ವಾರ ನಿನ್ನ ಸಾಲಿ ಎದುರಿನ ಚಹಾದಂಗಡಿಯೊಳಗ ಮಾರಿ ಮುಚ್ಚೋಹಂಗ ಪೇಪರ್ ಹಿಡದು ಕೂತಿದ್ದೆ. ನೀ ಇನ್ನೊಬ್ಬ ಟೀಚರ್ ಜೋಡಿ ಗೇಟಿನಿಂದ ಹೊರಗ ಬಂದಿ. ಸೊರಗೀದಿ. ಆದ್ರ ಏನೋ ಮಾತಿಗೆ ಹೊಟ್ಟಿ ಹಿಡಕೊಂಡು ನಕ್ಕಿ. ಮುದ್ದೇಬಿಹಾಳಕ್ಕ ನಾ ಎಷ್ಟು ಸಲ ಬಂದು ಹೋಳಿಗಿ ಉಂಡು ಹೋಗೀನಿ, ಆ ಮನ್ಯಾಗ ಆ ನಗು ಒಮ್ಮೆನೂ ಕೇಳಿದ್ದಿಲ್ಲ. ಕೇಳಿದ್ದಿಲ್ಲ ಅನ್ನೋದೂ ಅವತ್ತ ತಿಳೀತು ನೋಡು. ಚಹಾ ಹಂಗ ಇಟ್ಟು ಎದ್ದು ಬಂದೆ. ಇನ್ನ ಕದ್ದು ನೋಡ್ಲಿಕ್ಕೆ ಬರೂದಿಲ್ಲ. ಕಟ್ಟಿ ಮ್ಯಾಲೆ ಕೂತಿರ್ತೀನಿ. ಆಗಾಗ ರಂಗಕ್ಕನಂಗ ತಂಬಗಿ ಸಪ್ಪಳ ಅಷ್ಟು ಕೇಳಸಮ್ಮಾ.