ಹನ್ನೆರಡನೇ ದೋಣಿ ಉತ್ತರಿಸುವ ತನಕ

ಉಪಗ್ರಹ ಕೇಂದ್ರದ ದೊಡ್ಡ ಸಾಹೇಬರಿಗೆ,

ಯಂತ್ರ ಬಿಟ್ಟು ಏಳಲಾರೆ, ಅದಕ್ಕೇ ಕಾವಲುಗಾರನ ಕೈಲಿ ಈ ಪತ್ರ. ಮಾಡ್ಯುಲೇಷನ್, ಅಂದರೆ ಅಲೆಯ ಮೇಲೆ ಹೇರುವ ಮಾಹಿತಿಯ ಹೊರೆ, ಇಳಿಸಿದ್ದು ನಾನೇ.

ರೇಡಿಯೋ ಅಲೆಯ ಒಂದೊಂದು ಮಿಡಿತಕ್ಕೂ ಐದೈದು ಬಿಟ್ ಹೇರಬೇಕು, ವೇಗ ತಗ್ಗಬಾರದು ಅಂತ ನಿಮ್ಮ ಆಜ್ಞೆ. ಇಂಥ ಮೋಡದಲ್ಲಿ ಆ ಹೇರು ದಾರಿಯಲ್ಲೇ ಕಲಸಿಹೋಗುತ್ತದೆ ಸಾಹೇಬರೇ. ಎರಡೆರಡೇ ಹೊರಿಸಿದರೆ ನಿಧಾನ, ಆದರೆ ತಲುಪುತ್ತದೆ. ಕಿವಿ ಮಂದವಾದ ಅಜ್ಜಿಗೆ ಬಿಡಿಸಿ ಬಿಡಿಸಿ ಹೇಳಿದ ಹಾಗೆ.

"ವೇಗ ತಗ್ಗಿ ಸಿನಿಮಾ ನಿಂತರೆ ಗಿರಾಕಿಗಳು ಬೈತಾರಮ್ಮ" ಅಂದಿರಿ. ಬೈಯಲಿ. ಬೈಯೋದಕ್ಕೆ ಅವರು ಬದುಕಿದ್ದಾರಲ್ಲ!

ಇಳಿಸಿದ ಮೇಲೆ ಬಿರುಗಾಳಿಯ ಎಚ್ಚರಿಕೆ ಕೇಳಿಸಿ ಹನ್ನೊಂದು ಮೀನುದೋಣಿಗಳು ಉತ್ತರ ಕೊಟ್ಟು ದಡಕ್ಕೆ ತಿರುಗಿವೆ. ಹನ್ನೆರಡನೆಯದು ಮಾತಾಡುತ್ತಿಲ್ಲ. ಅದರಲ್ಲಿ ನನ್ನ ತಮ್ಮನಿದ್ದಾನೆ. ಕಾಲು ಕೆರೆದು ಜಗಳ ಮಾಡುವವನು, ಸುಮ್ಮನಿರುವ ಜಾತಿಯಲ್ಲ.

ಇಳಿಸುವ ಮೊದಲು, ನಿಯಮದಂತೆ, ನಿಮ್ಮ ಸಹಿಗೆ ನಲವತ್ತು ನಿಮಿಷ ಕಾದೆ. ನಾನು ಮಾಡಿದ ತಪ್ಪು ಅದೊಂದೇ. ಆ ನಲವತ್ತು ನಿಮಿಷದಲ್ಲಿ ಅವನು ಎಷ್ಟು ದೂರ ಹೋದನೋ.

ಕೆಲಸ ಕಿತ್ತುಕೊಳ್ಳಿ, ಪೊಲೀಸರನ್ನು ಕರೆಯಿರಿ. ಅವನು ಉತ್ತರಿಸುವ ತನಕ ವೇಗ ಏರಿಸಬೇಡಿ. ಒಂದು ಕೈ ಯಂತ್ರದ ಮೇಲಿದೆ, ಅಕ್ಷರ ಸೊಟ್ಟಗಿದೆ, ಓದಿಕೊಳ್ಳಿ.

ಇಂತಿ,
ಕಾಯುತ್ತ ಕೂತಿರುವ ನಿಮ್ಮ ಆಪರೇಟರ್,
ಅವನ ಅಕ್ಕ