ಕೊನೆಗೂ ಓಡಿದ ಗಡಿಯಾರ

ಭೂಷಣ,

ನಾನು ಮುಳಬಾಗಿಲಿನ ಬಸ್ಸಿಗೆ ಹೊರಟೆ. ಆಂಜನೇಯನ ಗುಡಿಯಲ್ಲಿ ಅಮ್ಮನ ನೆನಪಿಗೆ ದೀಪ ಹಚ್ಚಿ, ತಂಗಿ ಸುನಂದಳ ಮನೆಯಲ್ಲೇ ಉಳಿಯುತ್ತೇನೆ.

ಅನ್ನ, ಹುರುಳಿ ಸಾರು ಮುಚ್ಚಿಟ್ಟಿದ್ದೇನೆ. ಬಿಸಿ ಮಾಡಿಕೊಂಡು ತಿನ್ನು. ತಣ್ಣಗೆ ತಿಂದರೆ ನಿನಗೆ ಕೆಮ್ಮು ಹತ್ತುತ್ತದೆ.

ದೇವರ ದೀಪದ ಹರಳೆಣ್ಣೆಯನ್ನು ಇನ್ನೊಮ್ಮೆ ಗಡಿಯಾರಕ್ಕೆ ಹಚ್ಚಬೇಡ. ಪಾಪಪುಣ್ಯ ಹಾಗಿರಲಿ, ಮರದ ಚಕ್ರಗಳ ಹಲ್ಲು ಉಬ್ಬಿಕೊಂಡು ಎಲ್ಲವನ್ನೂ ಮತ್ತೆ ಬಿಚ್ಚಿದ್ದು ಮರೆತೆಯಾ? ಪಾರ್ಸೆಲ್ಲಿನಲ್ಲಿ ಬಂದ ತುಂಡುಗಳನ್ನು ಜೋಡಿಸುವುದಕ್ಕೆ ನಿನಗೆ ಇಡೀ ಬೇಸಿಗೆ ಬೇಕಾಯಿತು. ಮೊದಲ ಸಲ ಮಾಡಿದವನ ಕೈಗೆ ಚೆನ್ನಾಗಿಯೇ ಬಂದಿದೆ. ಅದನ್ನು ನಿನ್ನ ಮೇಜಿನಿಂದ ತೆಗೆದು, ಅಮ್ಮನ ಮಂಚವಿದ್ದ ಕಡೆ ಗೋಡೆಗೆ ಹಾಕಿದ್ದೇನೆ. ದಿನವೂ ಕೀಲಿ ಕೊಡು. ನಿಲ್ಲಲು ಬಿಡಬೇಡ.

ಆ ಮಧ್ಯಾಹ್ನ ಅಮ್ಮ ಅಲ್ಲಿಂದಲೇ, "ಒಂಚೂರು ನೀರ್ ಕೊಡಪ್ಪಾ" ಎಂದಳು. "ಇರಮ್ಮಾ, ಈ ಚಕ್ರ ಒಂದು ಕೂತ್ಕೊಳ್ಲಿ" ಎಂದೆ ನೀನು. ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದ ನನಗೂ ಕೇಳಿಸಿತು. ಬಕೆಟ್ ಎತ್ತಿಕೊಂಡು ಒಳಗೆ ಬಂದಾಗ ಅವಳು ಹೋಗಿದ್ದಳು. ನಿನ್ನ ಕೈಯಲ್ಲಿ ಇನ್ನೂ ಅದೇ ಚಕ್ರವಿತ್ತು. ನೆಂಟರ ಮುಂದೆ ನೀನು, ನಿದ್ದೆಯಲ್ಲೇ ಹೋದಳು ಎಂದೆ. ನಾನು ಸುಮ್ಮನಿದ್ದೆ. ಇನ್ನು ಮುಂದೆ ಸುಮ್ಮನಿರುವುದಿಲ್ಲ. ಸುನಂದಳಿಗೆ ಇಂದೇ ಹೇಳುತ್ತೇನೆ.

ನಾಳೆ ಬೆಳಿಗ್ಗೆ ಮಾಸಿಕಕ್ಕೆ ಪುರೋಹಿತರು ಬರುತ್ತಾರೆ. ಎಳ್ಳು, ದರ್ಭೆ, ತಾಮ್ರದ ಚೊಂಬು ದೇವರ ಕೋಣೆಯಲ್ಲಿವೆ. ಸತ್ತ ತಾಯಿಗೆ ಎಳ್ಳುನೀರು ಬಿಡುವ ಅಧಿಕಾರ ಮಗನದೇ, ನನ್ನದಲ್ಲ ಎಂದು ಅವರು ಹೇಳಿದರು. ನೀನೇ ಬಿಡು. ಅವಸರ ಮಾಡಬೇಡ. ಈಗ ಅವಳು ಎಷ್ಟು ಹೊತ್ತು ಬೇಕಾದರೂ ಕಾಯುತ್ತಾಳೆ.

ಅಕ್ಕ